ಆಡಿದವರು ಆಡಿಸಲು ಹೊರಟಾಗ: ಬಾಸ್ಕೆಟ್‌ಬಾಲ್ ಪ್ರಶ್ನೋತ್ತರ

ಆಟ ನಿಲ್ಲಿಸಿ ಕೋಚಿಂಗ್‌ಗೆ ಇಳಿಯುವವರ ಪ್ರಶ್ನೆಗಳು ಈ ಬಾರಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚಾಗಿ ಬಂದಿವೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದೂ ಊರು ಮಾತ್ರ ಕೊಟ್ಟಿದ್ದೇವೆ.

ಅರಸೀಕೆರೆ: ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿ ಇಷ್ಟು ವರ್ಷ ಇಲಾಖೆಯ ತಂಡಕ್ಕೆ ಆಡಿದೆ. ಮೊಣಕಾಲು ಇನ್ನು ತಡೆಯುವುದಿಲ್ಲ. ಕೋಚ್ ಆಗಲು ಎನ್.ಐ.ಎಸ್. ಮಾಡಲೇಬೇಕೇ, ಬಿ.ಪಿ.ಇಡಿ. ಸಾಕೇ?

ಅವೆರಡೂ ಬೇರೆ ಬೇರೆ ಕೆಲಸಕ್ಕೆ ದಾರಿ. ಬಿ.ಪಿ.ಇಡಿ. ಎರಡು ವರ್ಷದ್ದು, ಅದನ್ನು ಓದಿದವರು ಹೈಸ್ಕೂಲಿನ ದೈಹಿಕ ಶಿಕ್ಷಣ ಶಿಕ್ಷಕರಾಗಬಹುದು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಎಂ.ಪಿ.ಇಡಿ. ಬೇಕು, ಅದರ ಮೇಲೆ ನೆಟ್ ಅಥವಾ ಸ್ಲೆಟ್. ಆದರೆ ಆ ಓದಿನಲ್ಲಿ ಬಾಸ್ಕೆಟ್‌ಬಾಲ್ ಹತ್ತಾರು ಆಟಗಳಲ್ಲಿ ಒಂದು. ಒಂದೇ ಆಟದ ಕೋಚ್ ಆಗಬೇಕೆನ್ನುವವರಿಗೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋರ್ಸುಗಳಿವೆ. 1961ರಲ್ಲಿ ಶುರುವಾದ ಸಂಸ್ಥೆ ಅದು. ಮಾತಿನಲ್ಲಿ ಎಲ್ಲರೂ ಎನ್.ಐ.ಎಸ್. ಎನ್ನುವುದು ಇದನ್ನೇ. ಅಲ್ಲಿ ಎರಡು ಬಗೆ: ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮತ್ತು ಡಿಪ್ಲೊಮಾ. ಕ್ರೀಡಾ ಪ್ರಾಧಿಕಾರದ ಕೋಚ್ ಹುದ್ದೆಗಳಿಗೆ ಕೇಳುವುದು ಡಿಪ್ಲೊಮಾವನ್ನು. ಆರು ವಾರದ ಕಾಗದ ಹಿಡಿದು ಆ ಹುದ್ದೆಗೆ ಅರ್ಜಿ ಹಾಕಿ ನಿರಾಶರಾಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಶಾಲೆ, ಕ್ಲಬ್‌ಗಳಲ್ಲಿ ಕಲಿಸಲು ಮಾತ್ರ ಅದು ಧಾರಾಳವಾಗಿ ಸಾಕು. ಇದಲ್ಲದೆ ಅಂತರರಾಷ್ಟ್ರೀಯ ಫೆಡರೇಷನ್ ಫೀಬಾ, ಕೋಚ್‌ಗಳ ವಿಶ್ವ ಸಂಘದ ಜೊತೆ ಸೇರಿ ಮೂರು ಹಂತದ ಕೋಚಿಂಗ್ ಪಠ್ಯ ಮಾಡಿದೆ. ನಮ್ಮಲ್ಲಿ ಅದರ ತರಗತಿಗಳು ಭಾರತೀಯ ಫೆಡರೇಷನ್ ಮೂಲಕ ನಡೆಯುತ್ತವೆ. ಪ್ರಕಟಣೆ ಬಂದಾಗ ಮೊದಲ ಹಂತಕ್ಕೆ ಹೆಸರು ಕೊಡಿ.

ನೀವು ಇನ್ನೂ ನೌಕರಿಯಲ್ಲಿದ್ದೀರಿ. ಹಣ ಪಡೆದು ಹೊರಗೆ ಕಲಿಸುವುದಾದರೆ ಇಲಾಖೆಯ ಅನುಮತಿ ಮೊದಲು ಬೇಕು. ಪುಕ್ಕಟೆ ಕಲಿಸಿದರೂ ಒಂದು ಕಾಗದ ಬರೆದು ಸ್ವೀಕೃತಿ ಇಟ್ಟುಕೊಳ್ಳುವುದು ಜಾಣತನ.

ಕೋರ್ಸಿಗೆ ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಕೆಲಸವೊಂದಿದೆ: ಸ್ಥಳೀಯ ಟೂರ್ನಿಗಳಲ್ಲಿ ಅಂಗಳದ ಪಕ್ಕದ ಸ್ಕೋರರ್ ಟೇಬಲ್ಲಿನಲ್ಲಿ ಕೂತು ಸ್ಕೋರ್‌ಶೀಟ್ ಬರೆಯಿರಿ. ಯಾವ ಕ್ವಾರ್ಟರಿನಲ್ಲಿ ತಂಡದ ಫೌಲು ತುಂಬಿತು, ಯಾವ ಐವರು ಅಂಗಳದಲ್ಲಿದ್ದಾಗ ಎದುರಾಳಿ ಹತ್ತು ಪಾಯಿಂಟ್ ಓಡಿಸಿಕೊಂಡು ಹೋದರು ಎಂಬುದು ಆಡುವವರ ಕಣ್ಣಿಗೆ ಬೀಳುವುದಿಲ್ಲ, ಬರೆಯುವವರ ಕಣ್ಣಿಗೆ ಬೀಳುತ್ತದೆ.

ಹಾಸನ: ದೊಡ್ಡ ಆಟಗಾರರೆಲ್ಲ ದೊಡ್ಡ ಕೋಚ್ ಆಗುತ್ತಾರೆಯೇ? ನಮ್ಮ ಕಾಲೇಜಿನಲ್ಲಿ ಇದೇ ಜಗಳ.

ಜಗಳ ಮುಂದುವರಿಯಲಿ, ಎರಡೂ ಕಡೆಗೆ ಸಾಕ್ಷಿ ಸಿಗುತ್ತದೆ. ಮ್ಯಾಜಿಕ್ ಜಾನ್ಸನ್‌ಗಿಂತ ಅಂಗಳವನ್ನು ಚೆನ್ನಾಗಿ ಓದಿದ ಪಾಯಿಂಟ್ ಗಾರ್ಡ್ ಯಾರೆಂದು ಕೇಳಿದರೆ ಉತ್ತರ ಹುಡುಕುವುದು ಕಷ್ಟ. 1994ರಲ್ಲಿ ತಾವು ಆಡಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೇ ಕೋಚ್ ಆಗಿ 16 ಪಂದ್ಯ ಕೂತರು. 5 ಗೆಲುವು, 11 ಸೋಲು, ಅಲ್ಲಿಗೆ ಮುಗಿಯಿತು. ಫಿಲ್ ಜಾಕ್ಸನ್ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಹೆಚ್ಚಾಗಿ ಬೆಂಚಿನಿಂದ ಎದ್ದು ಬರುತ್ತಿದ್ದ ಆಟಗಾರ. ಕೋಚ್ ಆಗಿ ಅವರು ಶುರು ಮಾಡಿದ್ದು ಆಲ್ಬನಿ ಪೇಟ್ರೂನ್ಸ್ ಎಂಬ ಚಿಕ್ಕ ಲೀಗಿನ ತಂಡದಲ್ಲಿ. ಅಲ್ಲಿಂದ ಚಿಕಾಗೊ ಬುಲ್ಸ್‌ನ ಸಹಾಯಕ, 1989ರಲ್ಲಿ ಮುಖ್ಯ ಕೋಚ್, ಕೊನೆಗೆ ಬುಲ್ಸ್ ಮತ್ತು ಲೇಕರ್ಸ್ ಸೇರಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 11 ಪ್ರಶಸ್ತಿ. ಮಯಾಮಿಯ ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಯಲ್ಲಿ ಆಡಿದವರೇ ಅಲ್ಲ. 1995ರಲ್ಲಿ ತಂಡದ ವಿಡಿಯೊ ಕೋಣೆಗೆ ಸೇರಿ 2008ರಲ್ಲಿ ಮುಖ್ಯ ಕೋಚ್ ಆದರು. 2014ರಲ್ಲಿ ವುಹಾನ್‌ನಲ್ಲಿ ಭಾರತ ತಂಡ ಚೀನಾವನ್ನು 65–58ರಿಂದ ಸೋಲಿಸಿದಾಗ ಕೋಚ್ ಆಗಿದ್ದ ಸ್ಕಾಟ್ ಫ್ಲೆಮಿಂಗ್ ಕೂಡ ಎನ್‌ಬಿಎ ಆಟಗಾರರಲ್ಲ.

ಹಾಗೆಂದು ಬೆಂಚಿನ ಆಟಗಾರನೇ ಮೇಲು ಎಂದು ತೀರ್ಮಾನಿಸಬೇಡಿ. ದೊಡ್ಡ ಆಟಗಾರ ಬಿಲ್ ರಸೆಲ್ 1966ರಲ್ಲಿ ಬೋಸ್ಟನ್ ಸೆಲ್ಟಿಕ್ಸ್‌ನ ಆಟಗಾರ-ಕೋಚ್ ಆಗಿ 1968, 1969ರಲ್ಲಿ ಪ್ರಶಸ್ತಿ ಗೆದ್ದರು. ಲ್ಯಾರಿ ಬರ್ಡ್ ಯಾವ ಕೋಚಿಂಗ್ ಅನುಭವವೂ ಇಲ್ಲದೆ 1997ರಲ್ಲಿ ಇಂಡಿಯಾನಾ ತಂಡಕ್ಕೆ ಬಂದು ಮೊದಲ ಸೀಸನ್ನಿನಲ್ಲೇ ವರ್ಷದ ಕೋಚ್ ಆದರು. ಅವರು ಮಾಡಿದ್ದೇನೆಂದರೆ ಅಟ್ಯಾಕ್ ಪೂರ್ತಿ ಒಬ್ಬ ಸಹಾಯಕನಿಗೆ, ಡಿಫೆನ್ಸ್ ಪೂರ್ತಿ ಇನ್ನೊಬ್ಬನಿಗೆ ವಹಿಸಿಬಿಟ್ಟಿದ್ದು. ಸರ್ಬಿಯಾದ ಜೆಲ್ಕೊ ಒಬ್ರಾದೊವಿಚ್ 1991ರಲ್ಲಿ ಆಟ ಬಿಟ್ಟವರು ನೇರವಾಗಿ ತಮ್ಮ ಪಾರ್ಟಿಜಾನ್ ತಂಡದ ಕೋಚ್ ಆದರು, 1992ರಲ್ಲೇ ಯುರೋಪಿನ ಕಪ್ ಎತ್ತಿದರು. ಇದುವರೆಗೆ ಅಂಥವು ಒಂಬತ್ತು. ಆ ಮೊದಲ ವರ್ಷ ಅವರ ಪಕ್ಕ ಸಲಹೆಗೆಂದು ಕೂತಿದ್ದವರು ಹಿರಿಯ ಕೋಚ್ ಅಲೆಕ್ಸಾಂಡರ್ ನಿಕೋಲಿಚ್. ಹೊಸಬರು ಬರ್ಡ್, ಒಬ್ರಾದೊವಿಚ್ ಇಬ್ಬರಿಂದ ಕಲಿಯಬೇಕಾದ್ದು ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕು ಎಂಬುದನ್ನು. ನಮ್ಮ ಕಡೆ ಆಟ ಬಿಟ್ಟವರು ಎಡವುವುದೂ ಅಲ್ಲೇ: ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳುತ್ತಾರೆ.

ಇನ್ನೊಂದು ಕಾರಣ ಕೈಗೆ ಕೂತ ಆಟದ್ದು. ಹದಿನೈದು ವರ್ಷ ಲೇ-ಅಪ್ (ರಿಂಗ್ ಹತ್ತಿರ ಓಡಿಬಂದು ಜಿಗಿದು ಹಾಕುವ ಶಾಟ್) ಹಾಕಿದವರಿಗೆ ಯಾವ ಕಾಲು ಮೊದಲು ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ಕಲಿಯುವ ಹುಡುಗನಿಗೆ ಬೇಕಾದ್ದು ಅದೇ: ಬಲಗೈ ಲೇ-ಅಪ್‌ಗೆ ಬಲಗಾಲು, ಎಡಗಾಲು, ಜಿಗಿತ, ಮೇಲೇಳುವಾಗ ಬಲ ಮೊಣಕಾಲು ಮೇಲಕ್ಕೆ, ಕಣ್ಣು ಬೋರ್ಡಿನ ಚೌಕದ ಬಲ ಮೂಲೆ ಮೇಲೆ. ಇದನ್ನು ಬಿಡಿಸಿ ಹೇಳಲಾಗದವರು "ನೋಡು, ಹೀಗೆ" ಎಂದು ಮತ್ತೆ ಮತ್ತೆ ತಾವೇ ಹಾಕಿ ತೋರಿಸುತ್ತಾರೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಕಲಿಯುವುದಿಲ್ಲ.

ಕಡೂರು: ತೊಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯ ತಂಡಕ್ಕೆ ಆಡಿದವನು. ಈಗ ಮಗಳ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ನಾನು ಟ್ರಾವೆಲ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಡುವ ತಪ್ಪು) ಎಂದದ್ದನ್ನು ರೆಫರಿ ಸರಿ ಎನ್ನುತ್ತಾರೆ. ಏನೇನು ಬದಲಾಗಿದೆ?

ಬಹಳ ಬದಲಾಗಿದೆ, ಸರ್. ನೀವು ಆಡಿದ್ದು 20 ನಿಮಿಷದ ಎರಡು ಹಾಫ್, 30 ಸೆಕೆಂಡಿನೊಳಗೆ ಶಾಟ್, 10 ಸೆಕೆಂಡಿನಲ್ಲಿ ಅರ್ಧ ಅಂಗಳ ದಾಟುವುದು. 2000ದಲ್ಲಿ ಈ ಮೂರೂ ಹೋದವು. ಈಗ 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡ್, 8 ಸೆಕೆಂಡ್. ತಂಡದ ಫೌಲು ಪ್ರತಿ ಕ್ವಾರ್ಟರಿಗೆ ಹೊಸದಾಗಿ ಎಣಿಕೆಯಾಗುತ್ತದೆ. ನಾಲ್ಕು ತುಂಬಿದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಜಂಪ್ ಬಾಲ್ ಪಂದ್ಯದ ಆರಂಭದಲ್ಲಿ ಒಮ್ಮೆ ಮಾತ್ರ. ಆಮೇಲೆ ಇಬ್ಬರೂ ಬಾಲ್ ಹಿಡಿದು ಎಳೆದಾಡಿದರೆ ಟೇಬಲ್ ಮೇಲಿನ ಬಾಣ ಯಾವ ಕಡೆಗಿದೆಯೋ ಆ ತಂಡಕ್ಕೆ ಬಾಲ್.

2010ರಲ್ಲಿ ಗೆರೆಗಳೇ ಬದಲಾದವು. ಮೂರು ಪಾಯಿಂಟ್ ಗೆರೆ 6.25 ಮೀಟರಿನಿಂದ 6.75ಕ್ಕೆ ಹಿಂದೆ ಸರಿಯಿತು. ರಿಂಗ್ ಕೆಳಗೆ ಅಗಲವಾಗಿ, ಮೇಲೆ ಕಿರಿದಾಗಿ ಇದ್ದ ಆ ಹಳೆಯ ಕೀ (ರಿಂಗ್ ಮುಂದೆ ಗೆರೆ ಹಾಕಿದ ಜಾಗ) ಹೋಗಿ 4.90 ಮೀಟರ್ ಅಗಲದ ಆಯತ ಬಂತು. ಮೊದಲು ಬೇಸ್‌ಲೈನ್ ಹತ್ತಿರ ಕೀ 6 ಮೀಟರ್ ಅಗಲವಿತ್ತು. ಎತ್ತರದ ಆಟಗಾರ ದೂರದಲ್ಲೇ ನಿಲ್ಲಬೇಕಿತ್ತು. ಈಗ ರಿಂಗಿಗೆ ಅರ್ಧ ಮೀಟರಿಗಿಂತ ಹೆಚ್ಚು ಹತ್ತಿರ ನಿಂತು ಬಾಲ್ ಕೇಳಬಹುದು. ನಿಮ್ಮ ಕಾಲದ ಪೋಸ್ಟ್ ಆಟವನ್ನು ಹಾಗೆಯೇ ಕಲಿಸಿದರೆ ನಿಮ್ಮ ಮಕ್ಕಳು ಬೇಕಿಲ್ಲದ ದೂರದಿಂದ ಶುರು ಮಾಡುತ್ತಾರೆ. ರಿಂಗ್ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಬಂದದ್ದೂ ಆಗಲೇ. ಅದರೊಳಗೆ ನಿಂತು, ಜಿಗಿದು ಬರುವವರಿಗೆ ಎದೆ ಕೊಟ್ಟು ಚಾರ್ಜ್, ಅಂದರೆ ಬಂದು ಗುದ್ದಿದವರ ಮೇಲೆ ಫೌಲು, ಕೇಳಿದರೆ ಸಿಗುವುದಿಲ್ಲ. 2014ರಿಂದ ರಿಂಗಿಗೆ ತಗುಲಿದ ಬಾಲನ್ನು ಶಾಟ್ ಹಾಕಿದ ತಂಡವೇ ಮತ್ತೆ ಹಿಡಿದರೆ ಗಡಿಯಾರ 24ಕ್ಕೆ ಹೋಗದೆ 14ಕ್ಕೆ ನಿಲ್ಲುತ್ತದೆ.

ಇನ್ನು ನಿಮ್ಮ ಟ್ರಾವೆಲ್. 2017ರ ಅಕ್ಟೋಬರಿನಿಂದ ಓಡುತ್ತಾ ಬಾಲ್ ಹಿಡಿದಾಗ, ಅಥವಾ ಡ್ರಿಬಲ್ ಮುಗಿಸಿ ಎತ್ತಿಕೊಂಡಾಗ, ಆ ಕ್ಷಣ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದು ಸೊನ್ನೆ. ಮುಂದೆ ಊರುವುದು ಒಂದು, ಅದರ ಮುಂದಿನದು ಎರಡು. ಹಾಗಾಗಿ ನಿಮ್ಮ ಕಣ್ಣಿಗೆ ಮೂರು ಹೆಜ್ಜೆ ಕಾಣುತ್ತದೆ. ಆದರೆ ಪಾಸ್ ಹಿಡಿದು ಡ್ರಿಬಲ್ ಶುರು ಮಾಡುವುದಾದರೆ ಎರಡನೇ ಹೆಜ್ಜೆ ಊರುವ ಮೊದಲು ಬಾಲ್ ಕೈ ಬಿಟ್ಟಿರಬೇಕು. ನಿಂತಲ್ಲೇ ಬಾಲ್ ಹಿಡಿದವರಿಗೆ ಸೊನ್ನೆ ಇಲ್ಲ, ಒಂದು ಕಾಲನ್ನು ಊರಿದಲ್ಲೇ ಇಡಬೇಕೆನ್ನುವ ಹಳೆಯ ಪಿವಟ್ ನಿಯಮವೇ. ಮಕ್ಕಳು ಟಿವಿ ನೋಡಿ ನಿಂತಲ್ಲಿಂದ ಸೊನ್ನೆ ಎಣಿಸಲು ಹೋಗಿ ಸಿಕ್ಕಿಬೀಳುವುದು ಇಲ್ಲೇ.

ಜರ್ಸಿ ನಂಬರ್ 4ರಿಂದ 15 ಎಂಬ ಕಟ್ಟುಪಾಡೂ ಹೋಗಿದೆ. ಮಗಳು 23 ಕೇಳಿದರೆ ಕೊಡಿಸಿ.

ಚಿಕ್ಕಮಗಳೂರು: ನಾನು ಹೈಸ್ಕೂಲ್ ಪಿ.ಟಿ. ಟೀಚರ್. ಇಪ್ಪತ್ತು ಹುಡುಗಿಯರು, ಆರು ಬಾಲ್, ಒಂದೇ ರಿಂಗ್. ದಿನಕ್ಕೆ ಒಂದೂವರೆ ಗಂಟೆ. ಹೇಗೆ ಹಂಚಲಿ?

ಮೇಡಂ, ಮೊದಲು ಸಾಲು ಮುರಿಯಿರಿ. ಇಪ್ಪತ್ತು ಜನ ಒಂದೇ ಸಾಲಿನಲ್ಲಿ ನಿಂತು, ಒಬ್ಬೊಬ್ಬರ ಲೇ-ಅಪ್‌ಗೆ 6 ಸೆಕೆಂಡ್ ಹಿಡಿದರೂ ಕಾಲು ಗಂಟೆಯಲ್ಲಿ ತಲೆಗೆ ಏಳೆಂಟು ಶಾಟ್. ಉಳಿದ ಹೊತ್ತು ಹರಟೆ. ಒಂದೇ ರಿಂಗ್ ಇರುವ ಶಾಲೆಯಲ್ಲಿ ರಿಂಗ್ ಬೇಡದ ಕೆಲಸಗಳನ್ನು ಹೆಚ್ಚು ಮಾಡಿಸಬೇಕು.

ಮೊದಲ 12 ನಿಮಿಷ ಮೈ ಬಿಸಿ ಮಾಡಲು: ನಿಧಾನ ಓಟ, ಅಡ್ಡ ಹೆಜ್ಜೆ, ಹಿಂದಕ್ಕೆ ಓಟ, ಕೊನೆಗೆ ಜಿಗಿದು ಇಳಿಯುವುದು ಹತ್ತು ಸಲ. ಇಳಿದಾಗ ಎರಡೂ ಪಾದ ಒಟ್ಟಿಗೆ, ಮೊಣಕಾಲು ಬಾಗಿರಬೇಕು, ಒಂದಕ್ಕೊಂದು ಒಳಗೆ ತಾಗುವಂತೆ ಕುಸಿಯಬಾರದು. ಹುಡುಗಿಯರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು, ಅದರಲ್ಲಿ ಬಹುಪಾಲು ಯಾರೂ ತಾಗದೆಯೇ ಇಳಿಯುವಾಗ ಅಥವಾ ತಿರುಗುವಾಗ ಆಗುತ್ತದೆ. ಆದ್ದರಿಂದ ಈ ಹತ್ತು ಜಿಗಿತವನ್ನು ಯಾವ ದಿನವೂ ಬಿಡಬೇಡಿ.

ಆಮೇಲಿನ 15 ನಿಮಿಷ ಮೂರು ನಾಲ್ಕು ಜನರ ಆರು ಗುಂಪು, ಗುಂಪಿಗೊಂದು ಬಾಲ್. ಒಬ್ಬಳು ಎಡಗೈ ಡ್ರಿಬಲ್ ಮಾಡುತ್ತಾ ಹೋಗುತ್ತಾಳೆ, ಎದುರಿನವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಲಿನಲ್ಲೇ ದಾರಿ ತಡೆಯುತ್ತಾಳೆ, ಉಳಿದವರು ಪಕ್ಕದಲ್ಲಿ ಡಿಫೆನ್ಸ್ ಹೆಜ್ಜೆ. ಕೈ ಕಟ್ಟಿಸದಿದ್ದರೆ ಬಾಲ್ ಕಸಿಯುವುದೊಂದೇ ಕಲಿಯುತ್ತಾರೆ, ಕಾಲು ಚಲಿಸುವುದೇ ಇಲ್ಲ.

ನಂತರ 25 ನಿಮಿಷ ಮೂರು ಜಾಗ, ಜಾಗಕ್ಕೆ ಎರಡು ಬಾಲ್, 8 ನಿಮಿಷಕ್ಕೊಮ್ಮೆ ಬದಲಿ. ಒಂದು ಜಾಗ ರಿಂಗ್: ಏಳು ಜನ, ಒಬ್ಬಳು ಲೇ-ಅಪ್, ಮುಂದಿನವಳು ರಿಬೌಂಡ್ ಹಿಡಿದು ಪಾಸ್. ಎರಡನೆಯದು ಶಾಲೆಯ ಗೋಡೆ: ಎದೆ ಎತ್ತರದಲ್ಲಿ ಸುಣ್ಣದ ಗುರುತು, ಮೂರು ಮೀಟರ್ ದೂರದಿಂದ ಚೆಸ್ಟ್ ಪಾಸ್, ಬೌನ್ಸ್ ಪಾಸ್. ಮೂರನೆಯದು ಬಯಲು: ಮೂವರ ವಿರುದ್ಧ ಮೂವರು, ಡ್ರಿಬಲ್ ನಿಷೇಧ, ಐದು ಪಾಸ್ ಪೂರ್ತಿಯಾದರೆ ಒಂದು ಪಾಯಿಂಟ್. ಪಾಸ್ ಕೊಟ್ಟವಳು ಅಲ್ಲೇ ನಿಂತರೆ ಆಟ ಸಾಯುತ್ತದೆ. ಅಲ್ಲಿ "ಕೊಟ್ಟು ಓಡು" ಎಂಬ ಒಂದೇ ಮಾತು ಕೂಗಿ, ಬೇರೇನೂ ಹೇಳಬೇಡಿ.

ಉಳಿದ ಹೊತ್ತು ರಿಂಗಿನಲ್ಲಿ ನಾಲ್ವರ ವಿರುದ್ಧ ನಾಲ್ವರು, ಮೂರು ಮೂರು ನಿಮಿಷ; ಹೊರಗಿರುವವರು ಸ್ಕೋರ್ ಬರೆಯಲಿ. ಗೆದ್ದವರೇ ಅಂಗಳದಲ್ಲಿ ಉಳಿಯುವ ಪದ್ಧತಿ ಬೇಡ, ಬಲವಿದ್ದವರೇ ಆಡಿ ಕಲಿಯಬೇಕಾದವರು ಕೂರುತ್ತಾರೆ. ಕೊನೆಯ ಏಳು ನಿಮಿಷ ಫ್ರೀ ಥ್ರೋ, ಸುಸ್ತಾಗಿರುವಾಗಲೇ, ಎರಡೆರಡರಂತೆ. ಪಂದ್ಯದಲ್ಲೂ ಅದು ಬರುವುದು ಹಾಗೆಯೇ.

ಎದುರಾಳಿಯ ಬದಲು ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ಜೋನ್ ಡಿಫೆನ್ಸ್ ಈ ವಯಸ್ಸಿಗೆ ಕಲಿಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎದುರಾಳಿ ಮಕ್ಕಳಿಗೆ ದೂರದಿಂದ ಶಾಟ್ ಹಾಕುವ ಬಲವಿಲ್ಲದ್ದರಿಂದ ತಾಲ್ಲೂಕು ಮಟ್ಟದಲ್ಲಿ ಜೋನ್ ಹಾಕಿದವರು ಗೆಲ್ಲುತ್ತಾರೆ, ನಿಜ. ಮುಂದೆ ವಿಭಾಗ ಮಟ್ಟಕ್ಕೆ ಹೋದಾಗ ಒಬ್ಬರನ್ನೊಬ್ಬರು ತಡೆಯಲು ಬಾರದೆ ಒದ್ದಾಡುತ್ತಾರೆ.

ಮೂಡಿಗೆರೆ: ನಮ್ಮ ತೋಟದ ಕಾಫಿ ಕಣ ಸಿಮೆಂಟಿನದು. ಲೈನ್ ಮನೆ ಮಕ್ಕಳಿಗೂ ನಮ್ಮ ಮಕ್ಕಳಿಗೂ ಅಲ್ಲೇ ಒಂದು ರಿಂಗ್ ಹಾಕಿಸಬಹುದೇ?

ಹಾಕಿಸಿ. ಪೂರ್ತಿ ಕೋರ್ಟಿಗೆ 28 × 15 ಮೀಟರ್ ಬೇಕು, ಅದನ್ನು ಮರೆತುಬಿಡಿ. ಮೂವರ ಆಟಕ್ಕೆ 15 ಮೀಟರ್ ಅಗಲ, 11 ಮೀಟರ್ ಉದ್ದ ಸಾಕು. ಅಷ್ಟು ದೊಡ್ಡ ಕಣ ಮಲೆನಾಡಿನ ಎಷ್ಟೋ ತೋಟಗಳಲ್ಲಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಒಣಗುವಾಗ ಆಟ ಬಂದ್. ಮಾರ್ಚಿನಿಂದ ಮೇ ಒಳ್ಳೆಯ ಕಾಲ. ಜೂನ್ ನಂತರ ಪಾಚಿ.

ಕಂಬವನ್ನು ಕಣದೊಳಗೆ ನೆಡಬೇಡಿ. ಸಿಮೆಂಟ್ ಒಡೆದರೆ ಆ ಸಂದಿಯಲ್ಲಿ ಕಾಫಿ ಕಾಳು, ನೀರು ಸೇರಿ ಕಣವೇ ಹಾಳು. ಅಂಚಿನ ಹೊರಗೆ ಎರಡಡಿ ಚೌಕ, 3ರಿಂದ 4 ಅಡಿ ಆಳದ ಗುಂಡಿ ತೆಗೆದು ಕಾಂಕ್ರೀಟ್ ತುಂಬಿಸಿ. ಮಳೆಗೆ ಮಣ್ಣು ಸಡಿಲಾಗುವ ಜಾಗವಾದರೆ ಇನ್ನೂ ಆಳ ಹೋಗಿ. ಕಾಂಕ್ರೀಟ್ ಹಾಕಿ ಕನಿಷ್ಠ ಒಂದು ವಾರ ನೀರುಣಿಸಿದ ಮೇಲೆ ಬೋರ್ಡ್ ಏರಿಸಿ. ಮರುದಿನವೇ ಏರಿಸಿದರೆ ಕಂಬ ನಿಧಾನವಾಗಿ ಮುಂದಕ್ಕೆ ವಾಲುತ್ತದೆ. ಬೋರ್ಡಿನ ಮುಖ ಬೇಸ್‌ಲೈನಿನಿಂದ 1.20 ಮೀಟರ್ ಒಳಗೆ ಬರುವಷ್ಟು ತೋಳು ಇರಲಿ. ಇಲ್ಲದಿದ್ದರೆ ಲೇ-ಅಪ್ ಹಾಕಿದವರು ಕಣದಿಂದಾಚೆ ಚರಂಡಿಗೆ ಇಳಿಯುತ್ತಾರೆ. ಕಂಬಕ್ಕೆ ಆಳೆತ್ತರದವರೆಗೆ ದಪ್ಪ ಫೋಮ್ ಸುತ್ತಿಸಿ.

ರಿಂಗಿನ ಎತ್ತರ 3.05 ಮೀಟರ್, ಅಂದರೆ 10 ಅಡಿ. ಅಳತೆ ಕಣದ ಮೇಲ್ಮೈಯಿಂದ ಇರಬೇಕು. ವೆಲ್ಡಿಂಗ್‌ನವರು ಕಂಬ ನೆಟ್ಟ ಮಣ್ಣಿನಿಂದ ಅಳೆದುಬಿಡುತ್ತಾರೆ. ಕಣ ಮಣ್ಣಿಗಿಂತ ಅರ್ಧ ಅಡಿ ಎತ್ತರದಲ್ಲಿದ್ದರೆ ರಿಂಗ್ ಒಂಬತ್ತೂವರೆ ಅಡಿಗೆ ಬಂದು ಕೂರುತ್ತದೆ. ಬೋರ್ಡ್ 1.80 × 1.05 ಮೀಟರ್. ಸಾಧಾರಣ ಪ್ಲೈವುಡ್ ನಿಮ್ಮ ಕಡೆಯ ಒಂದೇ ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ. ಮೆರೈನ್ ಪ್ಲೈ ಹಾಕಿಸಿ, ನಾಲ್ಕೂ ಅಂಚಿಗೆ ಪೇಂಟ್ ಮೆತ್ತಿಸಿ, ನೀರು ಕುಡಿಯುವುದು ಅಂಚಿನಿಂದಲೇ. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮೆಲ್, ವರ್ಷಕ್ಕೊಮ್ಮೆ ಮಳೆ ಕಳೆದ ಮೇಲೆ.

ಗೆರೆ ಎಳೆಯಲು ರಿಂಗಿನ ನಡುವಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ. ಅದು ಬೇಸ್‌ಲೈನಿನ ಒಳ ಅಂಚಿನಿಂದ 1.575 ಮೀಟರಿಗೆ ಬರಬೇಕು. ಅಲ್ಲೊಂದು ಮೊಳೆ ಹಿಡಿದು 6.75 ಮೀಟರ್ ಹಗ್ಗದಿಂದ ಕಮಾನು ಎಳೆಯಿರಿ. ಎರಡೂ ಪಕ್ಕದಲ್ಲಿ ಸೈಡ್‌ಲೈನಿನಿಂದ 90 ಸೆಂಟಿಮೀಟರ್ ಒಳಗೆ ನೇರ ಗೆರೆ ಬಂದು ಕಮಾನಿಗೆ ಸೇರುತ್ತದೆ. ಕೋರ್ಟಿಗೆ ಹಾಕುವ ಬಣ್ಣದ ಅಕ್ರಿಲಿಕ್ ಕೋಟಿಂಗ್ ಕಣಕ್ಕೆ ಬೇಡವೇ ಬೇಡ, ಅದರ ಮೇಲೆ ಕಾಫಿ ಒಣಗಿಸುವಂತಿಲ್ಲ. ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಬಹುದು, ಆದರೆ ಕೊಯ್ಲಿಗೆ ಮೊದಲು ಎರಡು ಮೂರು ಸಲ ಚೆನ್ನಾಗಿ ತೊಳೆಯದಿದ್ದರೆ ವಾಸನೆ ಕಾಫಿಗೆ ಹತ್ತುತ್ತದೆ.

ಮೂವರ ಆಟದ ಪಂದ್ಯಕ್ಕೆ ಮಕ್ಕಳನ್ನು ಕರೆದೊಯ್ಯುವುದಾದರೆ ಇಷ್ಟು ತಿಳಿದಿರಲಿ: 10 ನಿಮಿಷ ಅಥವಾ 21 ಪಾಯಿಂಟ್, ಯಾವುದು ಮೊದಲೋ ಅದು, ಶಾಟ್‌ಗೆ 12 ಸೆಕೆಂಡ್, ಅಂಗಳದ ಪಕ್ಕದಿಂದ ಕೋಚ್ ಹೇಳಿಕೊಡುವಂತಿಲ್ಲ.

ಚನ್ನರಾಯಪಟ್ಟಣ: ಕೋಚ್ ಆಗಿ ಮೊದಲ ಟೂರ್ನಿ. ರೆಫರಿಗೆ ಕೂಗಿ ಕೂಗಿ ಟೈಮ್‌ಔಟ್ ಕೇಳಿದರೂ ಕೊಡಲಿಲ್ಲ. ಇದು ನ್ಯಾಯವೇ?

ಕೇಳಬೇಕಾದ್ದು ರೆಫರಿಯನ್ನಲ್ಲ, ಟೇಬಲ್ಲನ್ನು. ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಮಾತ್ರ ಕೇಳಬಹುದು, ಆಟಗಾರರು ಕೇಳುವಂತಿಲ್ಲ. ಟೇಬಲ್ ಕಡೆ ನೋಡಿ ಕೈಯಲ್ಲಿ "ಟಿ" ತೋರಿಸಿ, ಅವರು ನೋಡಿದರೆಂದು ಖಾತ್ರಿ ಮಾಡಿಕೊಳ್ಳಿ. ಕೇಳಿದ ತಕ್ಷಣ ಸಿಗುವುದೂ ಇಲ್ಲ. ಬಾಲ್ ಡೆಡ್ ಆಗಿ ಗಡಿಯಾರ ನಿಂತಾಗ, ಅಥವಾ ಎದುರಾಳಿ ಬುಟ್ಟಿಗೆ ಹಾಕಿದಾಗ ಸಿಗುತ್ತದೆ. ನೀವೇ ಬುಟ್ಟಿಗೆ ಹಾಕಿದಾಗ ಆಟ ಹಾಗೇ ಓಡುತ್ತಿರುತ್ತದೆ, ನಿಮಗಿಲ್ಲ.

ಲೆಕ್ಕ ಹೀಗಿದೆ: ಮೊದಲರ್ಧಕ್ಕೆ 2, ಎರಡನೇ ಅರ್ಧಕ್ಕೆ 3, ಪ್ರತಿ ಹೆಚ್ಚುವರಿ ಅವಧಿಗೆ 1. ಉಳಿಸಿ ಮುಂದಿನ ಅರ್ಧಕ್ಕೆ ಒಯ್ಯಲಾಗುವುದಿಲ್ಲ. ಕೊನೆಯ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಗರಿಷ್ಠ 2. ಮೂರನ್ನೂ ಕೊನೆಗೆ ಬಿಟ್ಟುಕೊಂಡರೆ ಒಂದು ಸುಮ್ಮನೆ ಹೋಯಿತು. ಆ ಎರಡು ನಿಮಿಷದಲ್ಲಿ ನಿಮ್ಮ ಅರ್ಧದಲ್ಲಿ ಬಾಲ್ ನಿಮ್ಮದಾಗಿದ್ದು ಟೈಮ್‌ಔಟ್ ಪಡೆದರೆ, ಥ್ರೋ-ಇನ್ನನ್ನು ಎದುರಾಳಿಯ ಅರ್ಧದಿಂದ ಹಾಕುತ್ತೇವೆ ಎಂದು ಆಯ್ಕೆ ಮಾಡಬಹುದು. ಆಗ ಶಾಟ್‌ಗೆ ಹೆಚ್ಚೆಂದರೆ 14 ಸೆಕೆಂಡ್. ಒಂದು ನಿಮಿಷದ ಟೈಮ್‌ಔಟಿನಲ್ಲಿ ಮಕ್ಕಳು ಬಂದು ಕೂತು ನೀರು ಕುಡಿಯುವಷ್ಟರಲ್ಲಿ ಇಪ್ಪತ್ತು ಸೆಕೆಂಡ್ ಕಳೆದಿರುತ್ತದೆ. ಎರಡು ವಿಷಯಕ್ಕಿಂತ ಹೆಚ್ಚು ಹೇಳಲು ಹೋಗಬೇಡಿ.

ಪಂದ್ಯಕ್ಕೆ 40 ನಿಮಿಷ ಮೊದಲು ಹೆಸರು, ನಂಬರಿನ ಪಟ್ಟಿ ಟೇಬಲ್‌ಗೆ ಕೊಡಬೇಕು. 10 ನಿಮಿಷ ಮೊದಲು ಸ್ಕೋರ್‌ಶೀಟ್ ನೋಡಿ, ಆರಂಭದ ಐವರನ್ನು ಗುರುತಿಸಿ ಸಹಿ ಹಾಕಬೇಕು. ನಂಬರ್ ತಪ್ಪಿದ್ದರೆ ಆಗಲೇ ತಿದ್ದಿಸಿ. ಬೆಂಚಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ನಿಂತಿರಬಹುದು. ನಿಮ್ಮ ಸ್ವಂತ ವರ್ತನೆಗೆ ಎರಡು ಟೆಕ್ನಿಕಲ್ ಫೌಲು ಬಿದ್ದರೆ ಅಂಗಳ ಬಿಟ್ಟು ಹೊರಗೆ.

ಟೈಮ್‌ಔಟ್ ಮುಗಿದುಹೋದಾಗ ಏನು ಮಾಡಬಾರದು ಎಂಬುದಕ್ಕೆ ಜೇಸನ್ ಕಿಡ್ ಉದಾಹರಣೆ. 2013ರಲ್ಲಿ ಆಟ ಬಿಟ್ಟ ಅದೇ ವರ್ಷ ಬ್ರೂಕ್ಲಿನ್ ನೆಟ್ಸ್ ಕೋಚ್ ಆದವರು, ನವೆಂಬರಿನ ಪಂದ್ಯವೊಂದರಲ್ಲಿ ಬೇಕೆಂದೇ ಅಂಗಳಕ್ಕೆ ಪಾನೀಯ ಚೆಲ್ಲಿಸಿ ಒರೆಸುವ ಹೊತ್ತಿನಲ್ಲಿ ತಂಡಕ್ಕೆ ಪಾಠ ಮಾಡಿಸಿದರು. ಲೀಗ್ 50,000 ಡಾಲರ್ ದಂಡ ಹಾಕಿತು.

ಬೇಲೂರು: ಮಗನಿಗೆ ಹತ್ತು ವರ್ಷ. 10 ಅಡಿ ರಿಂಗಿಗೆ ಬಾಲ್ ಮುಟ್ಟುತ್ತಲೇ ಇಲ್ಲ.

ಮುಟ್ಟಬೇಕಾಗಿಯೂ ಇಲ್ಲ. 12ರೊಳಗಿನವರ ಮಿನಿ ಆಟಕ್ಕೆ ರಿಂಗ್ 2.60 ಮೀಟರ್, ಬಾಲ್ 5ನೇ ಸೈಜ್, ಸುಮಾರು 470ರಿಂದ 500 ಗ್ರಾಂ. ಮಹಿಳೆಯರದು 6ನೇ ಸೈಜ್, ಗಂಡಸರದು 7. ದೊಡ್ಡ ಬಾಲನ್ನು ಎತ್ತರದ ರಿಂಗಿಗೆ ಹಾಕಲು ಹೋದ ಮಕ್ಕಳು ಎರಡೂ ಕೈಯಿಂದ ಸೊಂಟದ ಪಕ್ಕದಿಂದ ಎಸೆಯುವ ಅಭ್ಯಾಸ ಮಾಡಿಕೊಳ್ಳುತ್ತಾರೆ. ಹದಿನಾಲ್ಕರಲ್ಲಿ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಹೊಳೆನರಸೀಪುರ: ನಮ್ಮ ಹುಡುಗರಿಗೆ ಪಾದದ ಗಿಣ್ಣು ಉಳುಕುವುದೇ ಉಳುಕುವುದು. ಎಣ್ಣೆ ಹಚ್ಚಿ ನೀವಿಸುತ್ತೇವೆ. ಮತ್ತೆ ಮತ್ತೆ ಅದೇ ಕಾಲು.

ಮೊದಲ ಎರಡು ದಿನ ನೀವಿಸುವುದು, ಬಿಸಿ ಎಣ್ಣೆ, ಎಳೆದು "ಕೂರಿಸುವುದು" ಯಾವುದೂ ಬೇಡ. ಒಳಗೆ ಹರಿದ ನಾರಿನಿಂದ ರಕ್ತ ಜಿನುಗುತ್ತಿರುತ್ತದೆ, ನೀವಿದರೆ ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ, ಬೆರಳಿನ ಕಡೆಯಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಅಥವಾ ಗಿಣ್ಣಿನ ಎಲುಬಿನ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಆಗಲೇಬೇಕು. ಬೆಳೆಯುವ ಮಕ್ಕಳಲ್ಲಿ ಇದನ್ನು ಮುಂದೂಡಬೇಡಿ.

ಅದೇ ಕಾಲು ಮತ್ತೆ ಉಳುಕುವುದಕ್ಕೆ ಕಾರಣ, ನೋವು ಹೋದ ಕೂಡಲೇ ಆಡಿಸುವುದು. ನೋವು ಹೋದರೂ ಸಮತೋಲ ಮರಳಿರುವುದಿಲ್ಲ. ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ 30 ಸೆಕೆಂಡ್ ನಿಲ್ಲಲಿ, ಅದೇ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಲಿ, ಕೊನೆಗೆ ಅಂಕುಡೊಂಕು ಓಟ. ಮೂರೂ ನೋವಿಲ್ಲದೆ ಆದರೆ ಪಂದ್ಯಕ್ಕೆ ಬಿಡಿ. ಮುಂದಿನ ಕೆಲವು ತಿಂಗಳು ಲೇಸ್ ಇರುವ ಆ್ಯಂಕಲ್ ಬ್ರೇಸ್ ಕಟ್ಟಿಕೊಂಡು ಆಡಲಿ.

ಚಿಕ್ಕಮಗಳೂರು: ಮಗಳು ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮುಂದೆ ಕ್ರೀಡಾ ಕೋಟಾ ಕೆಲಸಕ್ಕೆ ಯಾವ ಕಾಗದ ಇಟ್ಟುಕೊಳ್ಳಬೇಕು?

ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಇದಕ್ಕೆ ಬೇರೆ ಬೇರೆ ನಮೂನೆಗಳಿವೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ನಮೂನೆ 1, ರಾಜ್ಯದ ಪರ ರಾಷ್ಟ್ರೀಯ ಪಂದ್ಯಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ಶಾಲಾ ಕ್ರೀಡೆಗೆ 4. ಪಂದ್ಯದಲ್ಲಿ ಕೈಗೆ ಕೊಡುವ ಬಣ್ಣದ ಸರ್ಟಿಫಿಕೇಟ್ ಬೇರೆ, ಈ ನಮೂನೆ ಬೇರೆ. ಅದನ್ನು ಆಯಾ ಸಂಸ್ಥೆಯ ಅಧಿಕೃತರ ಸಹಿಯಲ್ಲಿ ಕೇಳಿ ಪಡೆಯಬೇಕು. ಪದಾಧಿಕಾರಿಗಳು ಬದಲಾದ ಮೇಲೆ ಹಳೆಯ ಪಂದ್ಯದ ಸಹಿ ಹಾಕಿಸುವುದು ಅಲೆದಾಟ, ಆದ್ದರಿಂದ ಅದೇ ವರ್ಷ ಮುಗಿಸಿ. ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಇರಲಿ. ಅಕ್ಷರ ವ್ಯತ್ಯಾಸಕ್ಕೆ ಅರ್ಜಿ ತಳ್ಳಿಹಾಕುವುದು ಅಪರೂಪವಲ್ಲ.

ಸಕಲೇಶಪುರ: ಚಳಿಗಾಲದ ಬೆಳಗಿನ ಪ್ರಾಕ್ಟೀಸಿನಲ್ಲಿ ಬಾಲ್ ಪುಟಿಯುವುದೇ ಇಲ್ಲ. ಪಂಕ್ಚರ್ ಆಗಿದೆಯೇ?

ಪಂಕ್ಚರ್ ಅಲ್ಲ, ಚಳಿಗೆ ಒಳಗಿನ ಗಾಳಿಯ ಒತ್ತಡ ಇಳಿದಿರುತ್ತದೆ. ಬಾಲಿನ ತಳ ನೆಲದಿಂದ 1.80 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಕೈಬಿಟ್ಟರೆ, ಪುಟಿದಾಗ ಅದರ ನೆತ್ತಿ 1.20ರಿಂದ 1.40 ಮೀಟರ್ ನಡುವೆ ಬರಬೇಕು. ಗೋಡೆಯ ಮೇಲೆ ಮೂರು ಗೆರೆ ಎಳೆದಿಟ್ಟುಕೊಂಡರೆ ದಿನವೂ ಪರೀಕ್ಷಿಸಬಹುದು. ಗಾಳಿ ತುಂಬುವಾಗ ಸೂಜಿಯನ್ನು ಒದ್ದೆ ಮಾಡಿ ನೇರವಾಗಿ ತೂರಿಸಿ. ಒಣ ಸೂಜಿ ವಾಲ್ವಿನ ರಬ್ಬರ್ ಸೀಳುತ್ತದೆ, ಆಮೇಲೆ ನಿಜವಾಗಿಯೂ ಗಾಳಿ ನಿಲ್ಲುವುದಿಲ್ಲ. ಬೆಳಿಗ್ಗೆ ತುಂಬಿದ್ದರೆ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಬಿಡಬೇಕಾಗುತ್ತದೆ. ಸಿಮೆಂಟ್ ನೆಲಕ್ಕೆ ರಬ್ಬರ್ ಬಾಲೇ ಸಾಕು, ಚರ್ಮದ್ದನ್ನು ಒಳಾಂಗಣದ ಪಂದ್ಯಕ್ಕೆ ಇಟ್ಟುಕೊಳ್ಳಿ.